ಜೊತೆಗೆ ಹೋಗುವವಳು

ಆಗಸ್ಟ್ ೨೦, ಭಾನುವಾರ

ಮೂರನೆಯ ಪೆಟ್ಟಿಗೆಗೂ ಹಗ್ಗ ಬಿಗಿದೆ. ಮೊದಲನೆಯದರಲ್ಲಿ ಹತ್ತಿಯ ಹೊದಿಕೆ, ದಿಂಬು, ಚಳಿಗಾಲದ ಕೋಟು. ಎರಡನೆಯದರಲ್ಲಿ ಬಟ್ಟೆ, ಬಕೆಟ್ಟು, ಮಳೆ ಅಂಗಿ, ಎರಡು ಜೊತೆ ಚಪ್ಪಲಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಮೂರನೆಯದರಲ್ಲಿ ಮೀನಿನ ಶಾವಿಗೆ, ಒಣ ಸೀಗಡಿ, ಅಡುಗೆಗೆಂದು ನಾನೇ ಹಾಕಿದ ಕೆಂಪಕ್ಕಿ ಹುದುಗಿನ ಎರಡು ಭರಣಿ.

ಗಂಡ ವಿದ್ಯುತ್ ಸ್ಥಾವರದ ಪಾಳಿ ಮುಗಿಸಿ ಬಂದವನು ಪೆಟ್ಟಿಗೆಗಳನ್ನು ದಾಟಿಕೊಂಡು ಹೋಗಿ ಊಟಕ್ಕೆ ಕುಳಿತ.

"ಹುಡುಗಿ ಹಾಸ್ಟೆಲ್‌ಗೆ ಹೋಗ್ತಿದ್ದಾಳೋ, ಗಡಿ ಕಾಯೋಕೆ ಹೋಗ್ತಿದ್ದಾಳೋ? ಇಷ್ಟನ್ನ ಅವಳೊಬ್ಬಳೇ ಹೇಗೆ ಹೊರ್ತಾಳೆ?"

"ಅದಕ್ಕೇ ತಾನೇ ನಾನೂ ಹೋಗ್ತಿರೋದು" ಎಂದೆ.

ಲೆಕ್ಕ ತಪ್ಪಬಾರದೆಂದು ಇಲ್ಲಿ ಬರೆದಿಡುತ್ತೇನೆ. ಮಗಳು ರೂಛಿಂಗ್‌ಗೆ ಜಿಯಾಯಿ ನಗರದ ಕಾಲೇಜಿನಲ್ಲಿ ಅರಣ್ಯಶಾಸ್ತ್ರ ಸಿಕ್ಕಿದೆ. ನಾಲ್ಕು ಜನರ ಕೋಣೆಯಲ್ಲಿ ಒಂದು ಹಾಸಿಗೆಯೂ ಸಿಕ್ಕಿದೆ. ಸೆಪ್ಟೆಂಬರ್ ೭ರ ಸಂಜೆ ಐದರೊಳಗೆ ಬಂದು ಸಹಿ ಹಾಕದಿದ್ದರೆ ಹಾಸಿಗೆ ಪಟ್ಟಿಯಲ್ಲಿರುವ ಮುಂದಿನ ಹುಡುಗಿಗೆ ಹೋಗುತ್ತದೆ. ನಾವು ಹೊರಡುವುದು ಎರಡನೆಯ ತಾರೀಖು. ಅಂದು ಹಡಗು ಕೀಲುಂಗ್ ಬಂದರಿನಿಂದ ಮೊದಲು ಪಕ್ಕದ ದೊಡ್ಡ ದ್ವೀಪಕ್ಕೆ ಹೋಗಿ, ಮಧ್ಯಾಹ್ನ ನಮ್ಮಲ್ಲಿಗೆ ಬರುವ ಸರದಿ. ದೊಡ್ಡ ದ್ವೀಪದಿಂದ ನಾದಿನಿ ಶುಯ್‌ಲಿಯೆನ್ ಅದರಲ್ಲೇ ಬರುತ್ತಾಳೆ. ಅವಳು ಇಳಿಯುವುದು, ನಾವು ಹತ್ತಿ ಕೀಲುಂಗ್‌ಗೆ ಹೋಗಿ ರೈಲು ಹಿಡಿಯುವುದು. ನಾಲ್ಕು ದಿನ ಮಾವನನ್ನು ಅವಳು ನೋಡಿಕೊಳ್ಳುತ್ತಾಳೆ. ಮರುದಿನದ ಸರದಿ ನಮಗೆ ಆಗದು. ಅಂದು ಹಡಗು ಬೆಳಗಾಗುವ ಹೊತ್ತಿಗೆ ಮೊದಲು ಇಲ್ಲಿಗೇ ಬಂದು, ಇಲ್ಲಿನವರನ್ನು ತುಂಬಿಕೊಂಡು ದೊಡ್ಡ ದ್ವೀಪಕ್ಕೆ ಹೋಗಿ, ಅಲ್ಲಿಂದಲೇ ವಾಪಸಾಗುತ್ತದೆ. ಶುಯ್‌ಲಿಯೆನ್ ಬರುವ ದಾರಿಯೇ ಇರುವುದಿಲ್ಲ.

ಈ ದ್ವೀಪ ಬಿಟ್ಟು ನಾನು ಹೊರಗೆ ಹೋಗಿ ಹನ್ನೊಂದು ವರ್ಷವಾಯಿತು. ಮಗಳ ಕಿವಿಯ ಆಪರೇಷನ್ನಿಗೆ ಹೋದದ್ದೇ ಕೊನೆ. ಅದನ್ನೇನೂ ಮನಸ್ಸಿನಲ್ಲಿಟ್ಟುಕೊಂಡು ಹೊರಟಿಲ್ಲ.

ಆಗಸ್ಟ್ ೨೩, ಬುಧವಾರ

ಬಕೆಟ್ಟು ಹೊರಗೆ ಬಂದಿದೆ.

"ಅಮ್ಮಾ, ಜಿಯಾಯಿಯಲ್ಲಿ ಬಕೆಟ್ ಮಾರಲ್ವಾ? ಅಲ್ಲಿನವರೇನು ಅಂಗೈಯಲ್ಲಿ ನೀರು ಹಿಡಿದು ಸ್ನಾನ ಮಾಡ್ತಾರಾ?"

"ಇದು ಗಟ್ಟಿಯಾಗಿದೆ ಕಣೇ."

"ನಾನು ಎರಡು ರೈಲು ಬದಲಿಸ್ಬೇಕು. ಬಕೆಟ್ ಹಿಡ್ಕೊಂಡು ನಿಂತ್ರೆ ಜನ ಮೀನು ಇದೆಯಾ ಅಂತ ಕೇಳ್ತಾರೆ."

ಅವಳಿಗೆ ಅಪ್ಪನ ನಾಲಿಗೆ ಬಂದಿದೆ. ಅವಳು ಅಂಗಡಿಗೆ ಹೋದ ಮೇಲೆ ಬಕೆಟ್ಟಿನೊಳಗೆ ಟವೆಲು, ಸೋಪು ತುಂಬಿಸಿ ಮತ್ತೆ ಒಳಗಿಟ್ಟೆ. ಇನ್ನು ತೆಗೆಯುವುದು ಅಷ್ಟು ಸುಲಭವಲ್ಲ.

ಆಗಸ್ಟ್ ೨೭, ಭಾನುವಾರ

ರಜೆಯ ದಿನವೂ ಕೆಳಗಿನ ನನ್ನ ಹೊಲಿಗೆ ಅಂಗಡಿಯಲ್ಲಿ ಕೈತುಂಬ ಕೆಲಸ. ದ್ವೀಪದ ಸೇನಾ ಶಿಬಿರಕ್ಕೆ ಹೊಸ ತುಕಡಿ ಬಂದಿದೆ, ನಲವತ್ತು ಸಮವಸ್ತ್ರಗಳಿಗೆ ಹೆಸರಿನ ಪಟ್ಟಿ ಹೊಲಿಯಬೇಕು. ಈ ಯಂತ್ರದ ಮೇಲೆ ಇಪ್ಪತ್ತೆರಡು ವರ್ಷದಿಂದ ಹೆಸರು ಹೊಲಿಯುತ್ತಿದ್ದೇನೆ. ಹೊಲಿದ ಹೆಸರುಗಳೆಲ್ಲ ನಾಲ್ಕು ತಿಂಗಳೋ ಒಂದು ವರ್ಷವೋ ಕಳೆದು ಹಡಗು ಹತ್ತಿ ಹೋದವು. ಎಲ್ಲರೂ ಬಂದ ದಿನದಿಂದಲೇ ದಿನ ಎಣಿಸುತ್ತಾರೆ. "ಆಂಟೀ, ಈ ಬಂಡೆ ಮೇಲೆ ಹೇಗಿರ್ತೀರೋ ನೀವು" ಎಂದು ಕೇಳುವುದು ಅವರಿಗೆ ಕುಶಲ ಕೇಳಿದ ಹಾಗೆ. ಇವತ್ತೂ ಒಬ್ಬ ಕೇಳಿದ. ತೋಳಿನ ಗುಂಡಿ ಕಿತ್ತು ಕೊಡೋಣ ಅನ್ನಿಸಿತು.

ಮಹಡಿಯಿಂದ ಮಾವ ಚಮಚದಲ್ಲಿ ಗೋಡೆ ಬಡಿದರು. ಎಂಬತ್ನಾಲ್ಕು ವರ್ಷ. ಎರಡು ವರ್ಷದ ಹಿಂದೆ ಸೊಂಟ ಮುರಿದ ಮೇಲೆ ಅವರ ಲೋಕವೆಂದರೆ ಹಾಸಿಗೆ, ಬಂದರು ಕಾಣುವ ಕಿಟಕಿ, ಮತ್ತೆ ಆ ಚಮಚ. ಒಂದು ಬಡಿತವಾದರೆ ನೀರು. ಎರಡಾದರೆ ಎತ್ತಿ ಕೂರಿಸಬೇಕು. ಮೂರಾದರೆ ಓಡಬೇಕು. ನಿದ್ದೆಯಲ್ಲೂ ನಾನು ಎಣಿಸುತ್ತಿರುತ್ತೇನೆ.

"ನಮ್ಮ ಪಂಚಾಂಗದ ಏಳನೇ ತಿಂಗಳಲ್ಲಿ ಯಾರಾದ್ರೂ ನೀರಿನ ಮೇಲೆ ಹೋಗ್ತಾರಾ? ದೆವ್ವಗಳೆಲ್ಲ ಹೊರಗೆ ಬಿದ್ದಿರೋ ಕಾಲ" ಎಂದರು.

"ಮಾವ, ಕಾಲೇಜಿನವರಿಗೆ ದೆವ್ವದ ಪಂಚಾಂಗ ಇಲ್ಲ."

"ಮಗು ಹೋಗ್ಲಿ. ನೀನ್ಯಾಕೆ?"

ಪೆಟ್ಟಿಗೆ ಹೊರುವವರು ಯಾರು ಎಂದು ಅವರಿಗೂ ಹೇಳಿದೆ. ಎಷ್ಟು ಜನರಿಗೆ ಹೇಳುವುದು!

ಆಗಸ್ಟ್ ೩೦, ಬುಧವಾರ

ಚಂಡಮಾರುತದ ಎಚ್ಚರಿಕೆ. ಹಡಗು ನಿಂತಿದೆ. ಎರಡನೇ ತಾರೀಖಿನೊಳಗೆ ಸರಿಹೋಗುತ್ತದೆ.

ಸೆಪ್ಟೆಂಬರ್ ೧, ಶುಕ್ರವಾರ

ಸರಿಹೋಗಲಿಲ್ಲ. ನಾಳೆಯೂ ಹಡಗಿಲ್ಲ. ಹಿಂದೆಯೇ ಇನ್ನೊಂದು ಗಾಳಿ ಬರುತ್ತಿದೆಯಂತೆ.

ಮಧ್ಯಾಹ್ನ ಮಗಳು ನೆಲದ ಮೇಲೆ ಕೂತು ಮೂರೂ ಪೆಟ್ಟಿಗೆಗಳ ಹಗ್ಗ ಬಿಚ್ಚಿದಳು. ಬೆನ್ನಿಗೆ ಹಾಕುವ ಒಂದೇ ಚೀಲ ಪಕ್ಕದಲ್ಲಿಟ್ಟುಕೊಂಡಿದ್ದಳು. "ಗಾಳಿ ನಿಂತ ಮೇಲೆ ಹಡಗಿಗೆ ನೂಕುನುಗ್ಗಲು ಆಗತ್ತೆ. ಇದರಲ್ಲಿ ಹಿಡಿದಷ್ಟೇ ನನ್ನದು" ಎಂದಳು. ಮೂರು ಪ್ಯಾಂಟು, ಐದು ಅಂಗಿ, ಒಳಬಟ್ಟೆ, ಒಂದು ಟವೆಲು, ತೆಳ್ಳನೆಯ ಹೊದಿಕೆ, ಇನ್ನೊಂದು ಕನ್ನಡಕ. ಅಷ್ಟೇ. ಹದಿನೆಂಟು ವರ್ಷ ಬೆಳೆಸಿದ ಹುಡುಗಿಗೆ ಬೇಕಾದದ್ದು ಅಷ್ಟೇ. ನನಗೆ ಸಿಟ್ಟು ಬಂತು. ಚಳಿಗಾಲದಲ್ಲಿ ನಡುಗು, ನನಗೇನು ಎಂದೆ. ಕೋಟನ್ನು ಅಂಚೆಯಲ್ಲಿ ಕಳಿಸು ಎಂದಳು. ಹತ್ತಿಯ ಹೊದಿಕೆಯನ್ನು ನಾನೇ ಹೊಲಿದೆ ಎಂದೆ. ಜಿಯಾಯಿಯಲ್ಲಿ ಅಕ್ಟೋಬರ್‌ವರೆಗೂ ಬೆವರು ಸುರಿಯತ್ತಮ್ಮ ಎಂದಳು. ಏನು ಹೇಳಿದರೂ ಅವಳ ಬಳಿ ಉತ್ತರ ಸಿದ್ಧವಿತ್ತು.

ಆಮೇಲೆ ಮೂರನೆಯ ಪೆಟ್ಟಿಗೆಯ ತಳದಲ್ಲಿ, ಶಾವಿಗೆಯ ಕೆಳಗೆ, ಅವಳ ಕೈಗೆ ನನ್ನ ನಡಿಗೆಯ ಬೂಟು ಸಿಕ್ಕಿತು. ಅದರ ಜೊತೆಗೆ ನನ್ನ ಬೂದು ಅಂಗಿ, ಬಾಚಣಿಗೆ, ಮಡಚಿದ ಛತ್ರಿ, ಕೀಲುಂಗ್‌ನ ಬೀದಿಗಳ ನಕ್ಷೆ.

"ಇದ್ಯಾರದ್ದು?"

"ನಾನು ವಾಪಸ್ ಬರೋವಾಗ ಒಬ್ಬಳೇ ಇರ್ತೀನಲ್ಲ. ಬೇಕಾಗತ್ತೆ."

ಅವಳು ಬೂಟನ್ನು ಗೋಡೆಯ ಬದಿಗೆ ಜೋಡಿಸಿಟ್ಟಳು. ಬಾಗಿಲಲ್ಲಿ ನಿಂತಿದ್ದ ಗಂಡ ಕೇಳಿದ.

"ಒಂದೇ ಚೀಲ ಆದ್ಮೇಲೆ ಇವಳ ಜೊತೆಗೆ ಯಾರೂ ಹೋಗೋ ಅಗತ್ಯ ಇಲ್ವಲ್ಲ. ಶುಯ್‌ಲಿಯೆನ್‌ಗೆ ಬರಬೇಡ ಅಂತ ಹೇಳ್ಲಾ? ಪಾಪ, ಅವಳಿಗೂ ಅಂಗಡಿ ಮುಚ್ಚೋದು ತಪ್ಪತ್ತೆ."

ಅವನಲ್ಲಿ ಕೆಟ್ಟತನವಿಲ್ಲ. ಅಗತ್ಯವಿಲ್ಲದ ಕಡೆ ದೀಪ ಆರಿಸುವುದು ಅವನ ಕೆಲಸವೇ. ಹೇಳಬೇಡ, ರೈಲು ನಿಲ್ದಾಣದಲ್ಲಿ ಹುಡುಗಿ ದಾರಿ ತಪ್ಪಿದರೆ ಎಂದೆ. ಹುಡುಗಿ ನನ್ನ ಛತ್ರಿಯನ್ನೂ ಬೂಟಿನ ಪಕ್ಕಕ್ಕಿಟ್ಟಳು.

ಸೆಪ್ಟೆಂಬರ್ ೩, ಭಾನುವಾರ

ಕಿಟಕಿಗಳಿಗೆಲ್ಲ ಹಲಗೆ ಬಡಿದಿದ್ದೇವೆ. ಹಗಲೂ ಕತ್ತಲೆ. ನಾಲ್ಕು ಜನ, ಒಂದು ದೀಪ, ಒಲೆಯ ಹೊಗೆ. ಮಾವನ ಕಿಟಕಿ ಮುಚ್ಚಿದ್ದಕ್ಕೆ ಅವರು ಚಮಚ ಬಡಿಯುವುದನ್ನು ನಿಲ್ಲಿಸಿಲ್ಲ. ಬಡಿತಕ್ಕೆ ಲೆಕ್ಕವೂ ಇಲ್ಲ. ಮೊಬೈಲ್ ಗೋಪುರ ಬಿದ್ದಿದೆ. ಅಂಗಡಿಯ ಹಳೆಯ ಫೋನ್ ಮಾತ್ರ ಉಸಿರಾಡುತ್ತಿದೆ.

ಮಗಳು ಮೆಟ್ಟಿಲ ಮೇಲೆ ಕೂತು ಬೆರಳು ಮಡಿಸುತ್ತಾಳೆ. ನಾಲ್ಕು, ಐದು, ಆರು, ಏಳು. "ಆರನೇ ತಾರೀಖು ಹೊರಡದಿದ್ರೆ ಹಾಸಿಗೆ ಹೋಯ್ತು" ಎಂದು ಹತ್ತು ಸಲ ಹೇಳಿರಬೇಕು. ಹಾಸಿಗೆ ಹೋದರೆ ಈ ವರ್ಷ ಊರಲ್ಲೇ ಇದ್ದು ಮುಂದಿನ ವರ್ಷ ಹೋಗಲಿ ಎಂದರು ಮಾವ. ಅವಳ ಮುಖ ಬಿಳುಚಿಕೊಂಡಿತು. ಆ ಮುಖ ನನಗೆ ಗೊತ್ತು. ಗುರುತು ಹಿಡಿಯಲು ಇಷ್ಟವಾಗಲಿಲ್ಲ, ಗಂಜಿ ಕಲಕುತ್ತ ಕೂತೆ.

ಸೆಪ್ಟೆಂಬರ್ ೪

ಗಾಳಿ. ಇಡೀ ದಿನ ಇದೇ ಗಾಳಿ. ಕಿರುಚಬೇಕು ಅನ್ನಿಸುತ್ತದೆ. ಕಿರುಚಿದರೂ ಯಾರಿಗೆ ಕೇಳುತ್ತದೆ.

ಸೆಪ್ಟೆಂಬರ್ ೫, ಮಂಗಳವಾರ

ಗಾಳಿ ಇಳಿದಿದೆ. ನಾಳೆ ಹಡಗು ಹೊರಡುತ್ತದೆ.

ಸರದಿಯ ಪ್ರಕಾರ ನಾಳೆ ಮಧ್ಯಾಹ್ನದ ಹಡಗು. ಒಂದು ದಿನ ಬಿಟ್ಟು ಒಂದು ದಿನ ಎಣಿಸಿಕೊಂಡು ಬಂದರೆ ಹಾಗೇ ಆಗಬೇಕು. ಊರಿನವರೆಲ್ಲ ಹಾಗೇ ಎಣಿಸಿಕೊಂಡಿದ್ದಾರೆ. ಮಗಳೂ ಹಾಗೇ ತಿಳಿದು, ಹನ್ನೊಂದಕ್ಕೆ ಮನೆ ಬಿಟ್ಟರೆ ಸಾಕು ಎಂದಳು.

ಸಂಜೆ ಐದಕ್ಕೆ ಅಂಗಡಿಯ ಫೋನ್ ಬಡಿದುಕೊಂಡಿತು. ಬಂದರು ಕಚೇರಿಯ ಹೆಂಗಸು. "ಜಿನ್‌ಯೂ ಅಕ್ಕಾ, ನಿಮ್ಮ ಎರಡು ಟಿಕೆಟ್ ಇದೆಯಲ್ಲ, ಅದಕ್ಕೇ ಹೇಳ್ತಿದ್ದೀನಿ. ನಿಂತ ದಿನಗಳಿಂದ ಸರದಿ ತಿರುಗಿದೆ. ನಾಳೆ ಹಡಗು ಮೊದಲು ಇಲ್ಲಿಗೇ. ಆರೂವರೆಗೆ ಬಿಡ್ತಾರೆ. ಅಕ್ಕಪಕ್ಕದವರಿಗೂ ಹೇಳಿಬಿಡಿ." ಸರಿ ಎಂದು ಫೋನ್ ಇಟ್ಟೆ.

ಮೊದಲು ಇಲ್ಲಿಗೆ ಬಂದರೆ ಶುಯ್‌ಲಿಯೆನ್ ಅದರಲ್ಲಿ ಇರುವುದಿಲ್ಲ. ನಾಡಿದ್ದಿನ ಹಡಗಿನಲ್ಲಿ ಬರುತ್ತಾಳೆ.

ಮಗಳಿಗೆ ಹೇಳಬೇಕು. ಊಟಕ್ಕೆ ಕೂತಾಗ ಹೇಳೋಣವೆಂದರೆ ಮಾವ ಮೂರು ಸಲ ಬಡಿದರು. ಆಮೇಲೆ ಪಾತ್ರೆ ಇತ್ತು. ಅವಳು ಕೂದಲು ತೊಳೆದುಕೊಂಡು ಹಾಡು ಗುನುಗುತ್ತಿದ್ದಳು, ಅವಳ ಸಂತೋಷ ಕೆಡಿಸುವುದೇಕೆ ಎನ್ನಿಸಿತು. ನಾಡಿದ್ದು ಹೊರಟರೂ ಏನೂ ಮುಳುಗಿಹೋಗುವುದಿಲ್ಲ. ಹಾಸಿಗೆ ಹೋದರೆ ಹೊರಗೆ ಬಾಡಿಗೆಗೆ ಒಂದು ಕೋಣೆ ಹುಡುಕಬಹುದು. ಕೋಣೆ ಹುಡುಕುವುದಕ್ಕೆ ದೊಡ್ಡವರು ಜೊತೆಗಿರಲೇಬೇಕು. ಆಗ ನಾಲ್ಕು ದಿನವೂ ಸಾಲದು, ಒಂದು ವಾರ ಬೇಕಾದೀತು. ಹೊದಿಕೆಯನ್ನೂ ಒಯ್ಯಬಹುದು.

ಪಕ್ಕದ ಮನೆಯವರಿಗೂ ಹೇಳಲಿಲ್ಲ. ಅವರೇನೂ ಎಲ್ಲಿಗೂ ಹೋಗುತ್ತಿಲ್ಲ.

ಸೆಪ್ಟೆಂಬರ್ ೬, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆರಕ್ಕೆ ಮೊದಲೇ ಎದ್ದು ಗಂಜಿಗೆ ಇಟ್ಟೆ. ಗಂಡ ಸ್ಥಾವರದಿಂದ ಇನ್ನೂ ಬಂದಿರಲಿಲ್ಲ. ಮಾವನ ಕಿಟಕಿಯ ಹಲಗೆ ತೆಗೆದು, ಅವರನ್ನು ಎತ್ತಿ ಕೂರಿಸಿ, ಮುಖ ಒರೆಸಿದೆ. ಅವರು ಸಮುದ್ರ ನೋಡಿದವರೇ ಕುತ್ತಿಗೆ ಚಾಚಿದರು.

"ಹಡಗು ಬಂತು."

"ಸರಕಿನ ಹಡಗು, ಮಾವ."

"ನಲವತ್ತು ವರ್ಷ ದೋಣಿ ನಡೆಸಿದವನಿಗೆ ನೀನು ಹೇಳಿಕೊಡ್ತೀಯಾ? ಸರಕಿನ ಹಡಗಿಗೆ ಅಷ್ಟು ಕಿಟಕಿ ಇರತ್ತಾ? ಜನ ಹತ್ತೋ ಹಡಗು ಅದು!"

"ನಿಮ್ಮ ಕಣ್ಣು ಮಂಜಾಗಿದೆ. ನೀರು ಕುಡೀರಿ."

ಅವರು ಲೋಟ ತಳ್ಳಿ ಚಮಚದಲ್ಲಿ ಗೋಡೆ ಬಡಿಯತೊಡಗಿದರು. ಬಡಿದರು, ಬಡಿದರು. "ಮಗೂ! ರೂಛಿಂಗ್! ನಿನ್ನ ಹಡಗು ಕಣೇ!" ನಾನು ಅವರ ಕೈ ಹಿಡಿದೆ. ಒಣಕಟ್ಟಿಗೆಯಂಥ ಕೈ. ಹಿಡಿದು ಒತ್ತಿದೆ, ಬಡಿಯದ ಹಾಗೆ. ನೋವಾಗಿರಬೇಕು. ಅವರು ನನ್ನ ಮುಖವನ್ನೇ ನೋಡಿದರು, ಹೆದರಿಕೆಯಿಂದ. ಎರಡು ವರ್ಷ ಬೈದಿದ್ದಾರೆ, ಗೊಣಗಿದ್ದಾರೆ. ನನ್ನನ್ನು ಕಂಡು ಹೆದರಿದ್ದು ಇವತ್ತೇ ಮೊದಲು.

ಮಗಳು ಬಾಗಿಲಲ್ಲಿ ನಿಂತಿದ್ದಳು. ಕೆದರಿದ ಕೂದಲು, ಬರಿಗಾಲು. "ಏನಾಯ್ತಮ್ಮ? ತಾತ ಯಾಕೆ ಕೂಗ್ತಿದ್ದಾರೆ?"

ಅವಳು ಕಿಟಕಿಯ ಹತ್ತಿರ ಬರಲಿಲ್ಲ. ತಾತನ ಮಾತು ನಂಬಲೂ ಇಲ್ಲ. ಅವರು ಸತ್ತುಹೋದ ಅಜ್ಜಿಯನ್ನೂ ದಿನಾ ಬಂದರಿನಲ್ಲಿ ಕಾಣುತ್ತಾರೆ. ಅವಳು ನನ್ನನ್ನು ಕೇಳುತ್ತಿದ್ದಳು, ನಾನು ಹೇಳಿದ್ದನ್ನು ನಂಬುತ್ತಿದ್ದಳು. ಹೋಗಿ ಮಲಗು ಎಂದಿದ್ದರೆ ಹೋಗಿ ಮಲಗುತ್ತಿದ್ದಳು.

"ನಿನ್ನ ಹಡಗೇ" ಎಂದೆ. "ಸರದಿ ತಿರುಗಿದೆ. ಆರೂವರೆಗೆ ಬಿಡ್ತಾರೆ. ಚೀಲ ತಗೋ."

"ನಿಂಗೆ ಹೇಗೆ ಗೊತ್ತು?"

"ನಿನ್ನೆ ಫೋನ್ ಬಂದಿತ್ತು."

ಅವಳು ಕೆಳಗೆ ಓಡಿದಳು. ಪ್ಯಾಂಟು ಏರಿಸಿಕೊಂಡು, ಮೇಲೆ ಮಲಗುವ ಅಂಗಿಯೇ ಇದ್ದ ಹಾಗೆ, ಚೀಲ ಬೆನ್ನಿಗೆ ಹಾಕಿಕೊಂಡಳು. ತಾತನಿಗೆ ಹೇಳಿ ಹೋಗಲೂ ಪುರುಸೊತ್ತಿರಲಿಲ್ಲ. ನಾನು ಒಲೆ ಆರಿಸಿ ಸ್ಕೂಟರ್ ತೆಗೆದೆ. ಇಳಿಜಾರು ಪೂರ್ತಿ ಕಲ್ಲುಮಣ್ಣು, ಗಾಳಿ ತಂದು ಹಾಕಿದ ಕೊಂಬೆ. ಸಾಮಾನ್ಯವಾಗಿ ನನ್ನ ಸೊಂಟ ಹಿಡಿದು ಕೂರುವವಳು ಇವತ್ತು ಹಿಂದಿನ ಕಂಬಿ ಹಿಡಿದಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಬಂದರಿನಲ್ಲಿ ಹಡಗು ಹತ್ತುವ ಹಲಗೆ ಎಳೆಯಲು ಇಬ್ಬರು ಬಗ್ಗಿದ್ದರು. ನಾನು ಸ್ಕೂಟರ್ ಮೇಲಿಂದಲೇ ಕಿರುಚಿದೆ. "ನಿಲ್ಸೀ! ಒಬ್ಬರಿದ್ದಾರೆ!" ಗಂಟಲು ಹರಿಯುವ ಹಾಗೆ ಕಿರುಚಿದೆ.

"ಇಬ್ಬರು ಅಂತಿದೆಯಲ್ಲ ಪಟ್ಟೀಲಿ?" ಎಂದ ಅವರಲ್ಲೊಬ್ಬ.

"ಒಬ್ಬಳೇ."

ಅವಳು ಹಲಗೆಯ ನಡುವೆ ಹೋಗಿ ತಿರುಗಿದಳು. ಕಣ್ಣು ಕೆಂಪಗಿತ್ತು. ಬೈಗುಳ ಬರುತ್ತದೆಂದು ಕಾದೆ.

"ನಂಗೂ ಹೋಗ್ಬೇಕು ಅಂತ ಒಂದು ಮಾತು ಹೇಳ್ಬಹುದಿತ್ತಲ್ಲಮ್ಮ" ಎಂದಳು. "ಬಕೆಟ್ ಯಾಕೆ ಬೇಕಿತ್ತು?"

ಹಲಗೆ ಎಳೆದರು.

ಮನೆಗೆ ಬಂದು ಮಾವನ ಮುಂಗೈ ನೋಡಿದೆ. ನನ್ನ ಬೆರಳಿನ ಗುರುತು ಇನ್ನೂ ಇತ್ತು. ಔಷಧದ ಎಣ್ಣೆ ಹಚ್ಚಿದೆ. "ತಪ್ಪಾಯ್ತು, ಮಾವ" ಎಂದೆ. "ಹಡಗು ಹೋಯ್ತಾ?" ಎಂದರು. "ಹೋಯ್ತು." "ನೀನು ಹೋಗ್ಲಿಲ್ವಾ?" ಎಂದರು. ಅವರ ಮುಂದೆಯೇ ಕೂತು ಅತ್ತೆ.

ಸೆಪ್ಟೆಂಬರ್ ೭, ಗುರುವಾರ

ಸಂಜೆ ಅವಳು ಅಪ್ಪನ ಸ್ಥಾವರಕ್ಕೆ ಫೋನ್ ಮಾಡಿದ್ದಳಂತೆ. ಅಂಗಡಿಗೆ ಮಾಡಲಿಲ್ಲ. ಎರಡು ಗಂಟೆಗೇ ಸಹಿ ಹಾಕಿದಳು. ಮೇಲಿನ ಹಾಸಿಗೆ.

ಸೆಪ್ಟೆಂಬರ್ ೧೨, ಮಂಗಳವಾರ

ನಾಲ್ಕು ದಿನ ಏನೂ ಬರೆದಿಲ್ಲ. ಎಪ್ಪತ್ತು ಸಮವಸ್ತ್ರ ಹೊಲಿದೆ.

ಇವತ್ತು ಅಂಗಡಿಗೇ ಫೋನ್ ಬಂತು. ಕೋಣೆಯಲ್ಲಿ ಒಬ್ಬಳು ಬೆಟ್ಟದವಳು, ಒಬ್ಬಳು ಗೊರಕೆ ಹೊಡೆಯುವವಳು, ಒಬ್ಬಳು ಇನ್ನೂ ಬಂದಿಲ್ಲ. ಮರಗಳ ಹೆಸರು ಬಾಯಿಪಾಠ ಮಾಡಬೇಕಂತೆ. ತೆಳು ಹೊದಿಕೆಯಲ್ಲೇ ಸೆಖೆಯಾಗುತ್ತದಂತೆ. ಸರಿ, ಗೆದ್ದೆ ನೀನು ಎಂದೆ. ಅವಳು ನಕ್ಕಳು. ಅಪ್ಪನಿಗೆ ಹೇಳಿದೆಯಾ ಎಂದು ಕೇಳಿದೆ. "ಏನಂತ?" ಎಂದಳು. ಹೇಳಿಲ್ಲ.

ನಾನೇ ಹೇಳಿದೆ, ಊಟದ ಹೊತ್ತಿಗೆ. ಫೋನ್ ಬಂದಿತ್ತು, ಮುಚ್ಚಿಟ್ಟೆ ಎಂದು. ಗಂಡ ಬಟ್ಟಲು ಕೆಳಗಿಟ್ಟ. "ಅವಳ ಹಾಸಿಗೆ ಹೋಗಿಬಿಡ್ತಿತ್ತಲ್ಲೇ" ಎಂದ. ಹೌದು ಎಂದೆ. "ಯಾಕೆ?" ಎಂದ. ಇಪ್ಪತ್ತು ವರ್ಷದಲ್ಲಿ ಅವನು ನನ್ನನ್ನು ಯಾಕೆ ಎಂದು ಕೇಳಿದ್ದು ಕಡಿಮೆ. ಕೇಳುವ ಹಾಗೆ ನಾನೂ ಏನೂ ಮಾಡಿರಲಿಲ್ಲ.

"ನಂಗೆ ಹೋಗ್ಬೇಕಿತ್ತು. ಅವಳಿಗೋಸ್ಕರ ಅಲ್ಲ. ಇಲ್ಲಿ ಇರೋಕಾಗ್ತಿಲ್ಲ ನಂಗೆ, ಉಸಿರು ಕಟ್ಟತ್ತೆ."

ಅವನು ಮೀನಿನ ಮುಳ್ಳು ಬಿಡಿಸಿದ. "ನಂಗೇನು ಗೊತ್ತು" ಎಂದ. "ನೀನು ಪೆಟ್ಟಿಗೆ ಪೆಟ್ಟಿಗೆ ಅಂತಿದ್ದೆ."

ಸೆಪ್ಟೆಂಬರ್ ೧೯, ಮಂಗಳವಾರ

ಶುಯ್‌ಲಿಯೆನ್ ನಾಳೆ ಬರುತ್ತಾಳೆ. ಗಂಡನೇ ಕರೆದ. ಅವಳು ಫೋನಿನಲ್ಲೇ ವಿಚಾರಣೆ ಶುರುಮಾಡಿದಳು.

"ಅತ್ತಿಗೇ, ಮಗಳಿಗೆ ಹುಷಾರಿಲ್ವಾ?"

"ಹುಷಾರಾಗಿದ್ದಾಳೆ."

"ಮತ್ತೆ ಅವಳಿಗೆ ಏನು ಬೇಕಂತೆ?"

"ಏನೂ ಬೇಡವಂತೆ."

"ನಿಂಗೆ ಡಾಕ್ಟರ್ ಹತ್ರ ಹೋಗ್ಬೇಕಾ? ನನ್ನ ಹತ್ರ ಮುಚ್ಚಿಡಬೇಡ."

"ಇಲ್ಲ ಕಣೇ. ನಾನು ಜಿಯಾಯಿಗೂ ಹೋಗ್ತಿಲ್ಲ, ಆಸ್ಪತ್ರೆಗೂ ಹೋಗ್ತಿಲ್ಲ."

"ಹಾಗಾದ್ರೆ ಯಾವ ಕೆಲಸಕ್ಕೆ ನಾನು ಅಂಗಡಿ ಮುಚ್ಚಿ ಬರ್ಬೇಕು?"

ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೊಲಿಗೆ ಯಂತ್ರದ ಬಿಡಿಭಾಗ ತರಬೇಕು ಎಂದು. ಚೆನ್ನಾಗಿಯೂ ಇತ್ತು, ಯಾರೂ ಎರಡು ಮಾತಾಡುತ್ತಿರಲಿಲ್ಲ.

"ಯಾವ ಕೆಲಸವೂ ಇಲ್ಲ. ನಂಗೆ ಹೋಗ್ಬೇಕು ಅನ್ನಿಸಿದೆ, ಹೋಗ್ತಿದ್ದೀನಿ. ಭಾನುವಾರ ಬರ್ತೀನಿ" ಎಂದೆ.

ಅವಳ ದನಿ ತಗ್ಗಿತು, ಪಕ್ಕದಲ್ಲಿ ಯಾರಿಗೋ ಕೇಳಿಸಬಾರದೆಂಬ ಹಾಗೆ. "ಅತ್ತಿಗೇ, ನೀನು ಬಂದ್ಮೇಲೆ ನಾನೂ ಒಂದು ನಾಲ್ಕು ದಿನ ಹೋಗ್ಲಾ? ನಮ್ಮನೆಯವರನ್ನ ನೀನು ನೋಡ್ಕೋತೀಯಾ?"